ಮಲಗುವ ಮುನ್ನ ಮೂರು ಕೀರ್ತನೆಗಳು: ನನ್ನ ಅನುಭವ

ಹಾಸಿಗೆಯಲ್ಲಿ ಬೇಡಿಕೆಯ ಪ್ರಾರ್ಥನೆಯನ್ನು ನಿಲ್ಲಿಸಿ, ಬಾಯಿಪಾಠವಾಗಿರುವ, ಸತ್ಯವೇದದ (ಬೈಬಲಿನ) ಮೂರು ಕೀರ್ತನೆಗಳನ್ನಷ್ಟೇ ಹೇಳಿಕೊಂಡು ಮಲಗುತ್ತೇನೆಂದು ನಮ್ಮ ಪ್ರಾರ್ಥನಾ ಕೂಟದಲ್ಲಿ ತಿಳಿಸಿದಾಗ ಅದನ್ನು ಒಪ್ಪಿದವರು ಯಾರೂ ಇರಲಿಲ್ಲ. ಹಿರಿಯರೊಬ್ಬರು ಮತ್ತಾಯ 6:7 ತೆರೆದು, ಹೇಳಿದ್ದನ್ನೇ ಹೇಳುವುದು ಅನ್ಯಜನರ ಪದ್ಧತಿಯೆಂದು ಎಚ್ಚರಿಸಿದರು. ಹೆಚ್ಚುಕಡಿಮೆ ಎರಡು ವರ್ಷಗಳಿಂದ ನಾನು ಇದೇ ಕ್ರಮದಲ್ಲಿ ನೆಮ್ಮದಿಯಾಗಿ ಮಲಗುತ್ತಿದ್ದೇನೆ. ಅದೇ ಹಿರಿಯರು ಈಚೆಗೆ ಕೀರ್ತನೆಗಳ ಹಾಳೆಯನ್ನು ನನ್ನಿಂದ ಕೇಳಿ ಪಡೆದರು.

ಅಂಗಡಿಯ ಸಾಲ ಏರಿದ ಕಾಲದಲ್ಲಿ ನನ್ನ ನಿದ್ದೆ ಕೆಟ್ಟಿತು. ಮೊದಲು ಮೂರು ದಿನಗಳ ಧ್ಯಾನಕೂಟಕ್ಕೆ ಹೋದೆ; ಪ್ರಯಾಣವೂ ಸೇರಿ ನಾಲ್ಕು ಸಾವಿರದಷ್ಟು ಖರ್ಚಾಯಿತು, ನೆಮ್ಮದಿ ಒಂದು ವಾರವೂ ಉಳಿಯಲಿಲ್ಲ. ಅನಂತರ ಸುಮಾರು ಎರಡು ಸಾವಿರ ಕೊಟ್ಟು ಸತ್ಯವೇದವನ್ನು ಓದಿ ಹೇಳುವ ಸ್ಪೀಕರ್ ತಂದೆ. ಅದರ ದನಿಯನ್ನು ಕೇಳುತ್ತಾ ಅಧ್ಯಾಯ ಮುಗಿಯುವುದನ್ನೇ ಕಾಯುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿದುಕೊಂಡಿದ್ದು ಸ್ವಂತ ಮಾತಿನ ಪ್ರಾರ್ಥನೆಯನ್ನು. ಬ್ಯಾಂಕಿನ ಕಂತು, ಮಗಳ ಫೀಸು, ತಾಯಿಯ ಆರೋಗ್ಯ ಎಂದು ಒಂದೊಂದನ್ನೇ ಹೆಸರು ಹಿಡಿದು ಕರ್ತನ ಮುಂದಿಡುತ್ತಾ ಹೋದಂತೆ ಪ್ರತಿಯೊಂದೂ ಹೊಸದಾಗಿ ಎದೆಯಲ್ಲಿ ಎದ್ದು ನಿಲ್ಲುತ್ತಿತ್ತು, ‘ಆಮೆನ್’ ಹೇಳುವಷ್ಟರಲ್ಲಿ ಗಂಟೆ ಒಂದಾಗುತ್ತಿತ್ತು. ನಂಬಿಕೆ ಕಡಿಮೆಯಿದ್ದುದರಿಂದ ಹೀಗಾಯಿತೆಂದು ಕೆಲವರು ಹೇಳಿದ್ದನ್ನು ನಾನು ಇಂದಿಗೂ ಒಪ್ಪುವುದಿಲ್ಲ.

ದಾರಿ ಸಿಕ್ಕಿದ್ದು 6ನೇ ಶತಮಾನದ ಸಂತ ಬೆನೆಡಿಕ್ಟರ ಮಠದ ನಿಯಮದಲ್ಲಿ. ಅದರ 18ನೇ ಅಧ್ಯಾಯವು ದಿನದ ಕೊನೆಯ ಪ್ರಾರ್ಥನೆಗೆ ಪ್ರತಿರಾತ್ರಿಯೂ ಅವೇ ಮೂರು ಕೀರ್ತನೆಗಳನ್ನು ಗೊತ್ತುಮಾಡುತ್ತದೆ. ನಮ್ಮ ಸತ್ಯವೇದದ ಎಣಿಕೆಯಲ್ಲಿ ಅವು 4, 91 ಮತ್ತು 134. ಒಟ್ಟು 27 ವಚನಗಳು. ಹಳೆಯ ಅನುವಾದವನ್ನೇ ಕಲಿತೆ, ಏಕೆಂದರೆ ಅದರ ವಾಕ್ಯಗಳ ನಡೆ ಬಾಲ್ಯದಿಂದಲೂ ಕಿವಿಯಲ್ಲಿದೆ. ಪೂರ್ತಿ ಬಾಯಿಗೆ ಬರಲು ಒಂದೂವರೆ ತಿಂಗಳು ಹಿಡಿದಿರಬೇಕು. ಅಲ್ಲಿಯವರೆಗೆ ಪ್ರಯೋಜನ ಅಷ್ಟಾಗಿ ಕಾಣಲಿಲ್ಲ. ದೀಪ ಹಚ್ಚಿ ಪುಸ್ತಕ ನೋಡಬೇಕಾದರೆ ಈ ಕ್ರಮ ನಡೆಯುವುದಿಲ್ಲ.

ಬೇಡಿಕೆಗಳನ್ನು ನಾನು ಬಿಟ್ಟಿಲ್ಲ, ಹೊತ್ತು ಬದಲಿಸಿದ್ದೇನೆ. ಫಿಲಿಪ್ಪಿ 4:6ರಲ್ಲಿ ವಿಜ್ಞಾಪನೆಯ ಜೊತೆಗೇ ಕೃತಜ್ಞತಾಸ್ತುತಿ ಬರುವುದರಿಂದ, ಊಟಕ್ಕೆ ಮುಂಚೆ ನೋಟುಬುಕ್ಕಿನ ಒಂದು ಬದಿಯಲ್ಲಿ ಚಿಂತೆಗಳನ್ನೂ ಎದುರು ಬದಿಯಲ್ಲಿ ಸ್ತುತಿಗಳನ್ನೂ ಬರೆದು, ಮೊಣಕಾಲೂರಿ ಒಪ್ಪಿಸಿ, ಪುಸ್ತಕ ಮುಚ್ಚುತ್ತೇನೆ. ಮಲಗಿ ದೀಪ ಆರಿಸಿದ ಮೇಲೆ ತುಟಿ ಅಲುಗುವಷ್ಟು ಮೆಲ್ಲಗೆ ಕೀರ್ತನೆಗಳನ್ನು ಹೇಳುತ್ತೇನೆ, ಮನಸ್ಸಿನಲ್ಲೇ ಹೇಳಿಕೊಂಡರೆ ಚಿಂತೆ ನಡುವೆ ನುಗ್ಗುತ್ತದೆ. 91:5ರಲ್ಲಿ ಇರುಳಿನ ಭಯದ ಮಾತು ಬಂದಾಗ ನನ್ನ ಮನಸ್ಸು ಬಹಳ ಸಲ ಕಂತಿನ ಕಡೆಗೆ ಹೊರಳುತ್ತಿತ್ತು. ಆಗ ಕೀರ್ತನೆಯ ಮೊದಲಿಗೆ ಹಿಂದಿರುಗದೆ ಆ ವಚನದ ಮೊದಲಿಗೆ ಮಾತ್ರ ಹಿಂದಿರುಗಬೇಕು. ಇದು ಚಿಕ್ಕ ವಿಷಯವೆನಿಸಿದರೂ ನನ್ನ ಪಾಲಿಗೆ ಎಲ್ಲವೂ ನಿಂತಿರುವುದು ಇದರ ಮೇಲೆಯೇ. ಮುಗಿದ ಮೇಲೆ ಒಂದು ಮಾತೂ ಇಲ್ಲ. ಅದೇ ನಿಯಮದ 42ನೇ ಅಧ್ಯಾಯ ಈ ಪ್ರಾರ್ಥನೆಯ ನಂತರ ಮೌನವನ್ನು ವಿಧಿಸುತ್ತದೆ.

ವೈದ್ಯರು ಕೊಟ್ಟಿದ್ದ ಮಾತ್ರೆಯನ್ನು ನಾನಾಗಿ ನಿಲ್ಲಿಸಲಿಲ್ಲ. ಏಳೆಂಟು ತಿಂಗಳ ನಂತರ ಅವರೇ ಕಡಿಮೆ ಮಾಡಿದರು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಯೇಸುವನ್ನು ಕೂಗಿ ಕರೆದ ಕುರುಡ ಬಾರ್ತಿಮಾಯನ ಮಾತನ್ನು ಉಸಿರಿಗೆ ಹೊಂದಿಸಿ, ‘ಯೇಸುವೇ’ ಎಂದು ಉಸಿರೆಳೆದು ‘ನನ್ನನ್ನು ಕರುಣಿಸು’ ಎಂದು ಬಿಡುವುದು ನಡುರಾತ್ರಿ ಎಚ್ಚರವಾದಾಗ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಮಲಗುವ ಹೊತ್ತಿಗೆ ನನಗೆ ಒಗ್ಗಲಿಲ್ಲ. ಕಾಯುವಾತನು ತೂಕಡಿಸುವುದಿಲ್ಲವೆನ್ನುವ 121ನೇ ಕೀರ್ತನೆಯನ್ನು ಪ್ರಯಾಣದ ರಾತ್ರಿಗಳಿಗೆ ಮೀಸಲಿಟ್ಟಿದ್ದೇನೆ. ತೀರಾ ಕಷ್ಟದ ರಾತ್ರಿಗೆ ನಾನು ಹಿಡಿಯುವ ವಚನವೊಂದು ಬೇರೆಯೇ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅಂಥದ್ದನ್ನು ಪ್ರತಿಯೊಬ್ಬರೂ ತಾವೇ ಕಂಡುಕೊಳ್ಳಬೇಕು.

ಈಗ ನಮ್ಮ ಸಭೆಯಲ್ಲಿ ಹತ್ತು ಹನ್ನೆರಡು ಮಂದಿ ಇದನ್ನು ಅನುಸರಿಸುತ್ತಿದ್ದಾರೆ. ದೊಡ್ಡ ಅಕ್ಷರದಲ್ಲಿ ಜೆರಾಕ್ಸ್ ಮಾಡಿಸಿದ ಹಾಳೆಗೆ ತಲಾ ನಾಲ್ಕೈದು ರೂಪಾಯಿ ಬಿದ್ದಿದೆ, ಖರ್ಚೆಂದರೆ ಅಷ್ಟೇ. ಅವರಲ್ಲಿ ನೈಟ್ ಡ್ಯೂಟಿ ಮಾಡುವ ನರ್ಸ್ ಒಬ್ಬರಿಗೆ ಕ್ರಮವನ್ನು ಸ್ವಲ್ಪ ಬದಲಿಸಬೇಕಾಯಿತು. 134ನೇ ಕೀರ್ತನೆ ರಾತ್ರಿಯಲ್ಲಿ ಯೆಹೋವನ ಆಲಯದಲ್ಲಿ ನಿಂತು ಸೇವೆಮಾಡುವವರನ್ನೇ ಕರೆಯುವುದರಿಂದ ಅದನ್ನು ಅವರು ವಾರ್ಡಿಗೆ ಹೋಗುವ ಮುನ್ನ ಹೇಳುತ್ತಾರೆ. ಉಳಿದೆರಡನ್ನು ಬೆಳಿಗ್ಗೆ ಮನೆಗೆ ಬಂದು ಕಿಟಕಿಯ ಪರದೆ ಎಳೆದ ಮೇಲೆ ಹೇಳುತ್ತಾರೆ.