ಚಿಟ್ಟೆ ಬೇಕಾದರೆ ಕರಿಬೇವಿನ ಎಲೆ ತೂತಾಗಲಿ ಬಿಡಿ

ಚಿಟ್ಟೆ ಬರಲಿ ಅಂತ ಎಲ್ಲರೂ ಮೊದಲು ಹೂವಿನ ಗಿಡ ತರುತ್ತಾರೆ. ನಾನೂ ಹಾಗೇ ಮಾಡಿದ್ದೆ. ಚೆಂಡುಹೂ, ಜೀನಿಯಾ ಅರಳಿದವು, ಚಿಟ್ಟೆಗಳು ಬಂದು ಮಕರಂದ ಹೀರಿ ಹೊರಟುಹೋದವು. ಅವು ನಮ್ಮಲ್ಲೇ ಮರಿ ಮಾಡಬೇಕು ಅಂದರೆ ಹೂವಿಗಿಂತ ಎಲೆ ಮುಖ್ಯ, ಯಾಕೆಂದರೆ ಹೆಣ್ಣು ಚಿಟ್ಟೆ ತನ್ನ ಹುಳಗಳು ತಿನ್ನುವ ಗಿಡ ಹುಡುಕಿ ಅಲ್ಲೇ ಮೊಟ್ಟೆ ಇಡುತ್ತದೆ.

ಶುರುವಿಗೆ ಒಂದು ಕರಿಬೇವು ಸಾಕು. ಬಾಲ್ಕನಿಯ ಕುಂಡದಲ್ಲಿದ್ದರೂ ಸರಿ. ಕಾಮನ್ ಮಾರ್ಮನ್, ಲೈಮ್ ಚಿಟ್ಟೆ ಎರಡೂ ಇದರ ಚಿಗುರಿಗೆ ಬರುತ್ತವೆ, ನಿಂಬೆ ಗಿಡಕ್ಕೂ ಬರುತ್ತವೆ. ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಏನೋ ಅಂಟಿಕೊಂಡಿದ್ದರೆ ಒರೆಸಬೇಡಿ, ಅದೇ ಮರಿಹುಳ! ಹಕ್ಕಿಗಳ ಕಣ್ಣು ತಪ್ಪಿಸೋಕೆ ಆ ವೇಷ. ಬೆಳೆದ ಮೇಲೆ ಹಸಿರಾಗುತ್ತದೆ, ಕೆಣಕಿದರೆ ತಲೆಯ ಹಿಂದಿನಿಂದ ಕವೆಯಂಥ ಕೊಂಬು ಹೊರಹಾಕಿ ಘಾಟು ವಾಸನೆ ಬಿಡುತ್ತದೆ. ಮೈ ತುರಿಸುವ ಕಂಬಳಿಹುಳ ಅಲ್ಲ ಇದು, ಹೆದರಬೇಡಿ. 2-3 ವಾರ ತಿಂದು ಕೋಶ ಕಟ್ಟಿಕೊಂಡರೆ, ಸುಮಾರು 10 ದಿನಕ್ಕೆ ಅದರೊಳಗಿಂದ ಒದ್ದೆ ರೆಕ್ಕೆಯ ಚಿಟ್ಟೆ ಹೊರಬರುತ್ತದೆ. ಅದನ್ನು ಒಮ್ಮೆ ನೋಡಿದರೆ ಗಿಡ ಬೋಳಾದ ಬೇಜಾರು ಮರೆತೇ ಹೋಗುತ್ತದೆ. ನಾನು ಎರಡು ಗಿಡ ಇಟ್ಟಿದ್ದೇನೆ, ಒಂದು ಒಗ್ಗರಣೆಗೆ, ಇನ್ನೊಂದು ಹುಳಗಳಿಗೆ.

ಜಾಗ ಇದ್ದರೆ ಎಕ್ಕ ಬೆಳೆಸಿ, ಪ್ಲೇನ್ ಟೈಗರ್ ಬರುತ್ತದೆ. ಎಕ್ಕದ ಹಾಲು ಕಣ್ಣಿಗೆ ಬೀಳದಂತೆ ಜೋಪಾನ, ಮನೆಯಲ್ಲಿ ಮಕ್ಕಳಿದ್ದರಂತೂ ಇನ್ನೂ ಹುಷಾರು. ಸಂಪಿಗೆ, ಸೀತಾಫಲಕ್ಕೆ ಟೇಲ್ಡ್ ಜೇ. ಮಲೆನಾಡು, ಕರಾವಳಿಯವರು ಈಶ್ವರಿ ಬಳ್ಳಿಯನ್ನು ಬೇಲಿಗೆ ಹಬ್ಬಿಸಿ ನೋಡಿ, ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡೋದು ಈ ಜಾತಿಯ ಬಳ್ಳಿಗಳಲ್ಲೇ.

ಹೂವಿಗೆ ಪೆಂಟಾಸ್, ರತ್ನಗಂಧಿ, ಕೇಪಳ, ತುಂಬೆ ಹಾಕಿ. ಬೆಳಗಿನ ಬಿಸಿಲು ಬೀಳುವ ಕಡೆ ಇರಲಿ, ಮೈ ಬಿಸಿಯಾಗದೆ ಚಿಟ್ಟೆಗೆ ಹಾರೋಕೆ ಆಗುವುದಿಲ್ಲ. ಲಂಟಾನಕ್ಕೆ ಚಿಟ್ಟೆ ಮುತ್ತುತ್ತವೆ ನಿಜ, ಆದರೆ ನಮ್ಮ ಕಾಡುಗಳನ್ನು ಅದು ನುಂಗುತ್ತಿದೆ, ದಯವಿಟ್ಟು ಬೇಡ. ಒಂದು ತಟ್ಟೆಯಲ್ಲಿ ಕೆಸರು ಮಣ್ಣು ಇಟ್ಟರೆ ಗಂಡು ಚಿಟ್ಟೆಗಳು ಉಪ್ಪಿನಂಶ ಹೀರೋಕೆ ಬಂದು ಕೂರುತ್ತವೆ.

ಔಷಧಿ ಮಾತ್ರ ಹೊಡೆಯಬೇಡಿ. ಬೇವಿನೆಣ್ಣೆಯೂ ಬೇಡ. ಬಿಳಿ ನೊಣಕ್ಕೆ ಅಂತ ಒಮ್ಮೆ ಸಿಂಪಡಿಸಿ ಮರಿಹುಳಗಳನ್ನೆಲ್ಲ ಕಳೆದುಕೊಂಡೆ, ಇವತ್ತಿಗೂ ಆ ಸಂಕಟ ಇದೆ. ನರ್ಸರಿಯಿಂದ ತಂದ ಗಿಡಕ್ಕೂ ಮೊದಲೇ ಹೊಡೆದಿರಬಹುದು, ಎಲೆ ಚೆನ್ನಾಗಿ ತೊಳೆದು ಹೊಸ ಚಿಗುರು ಬರುವವರೆಗೆ ಕಾಯಿರಿ.