ಅಪೇಕ್ಷೆ ಹಾಕಿ, ಒಪ್ಪು ಇಡಿ: ಕಾಸರಗೋಡಿನವರಿಗೆ ಕೇರಳದ ಕ್ಷೇಮ ಪಿಂಚಣಿ

ಅತ್ತೆಗೆ ಅರವತ್ತು ತುಂಬಿದ ವರ್ಷ ಪಂಚಾಯತಿಯಿಂದ ಪಿಂಚಣಿ ಫಾರಂ ತಂದೆ. ಅವರು ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವರು, ಮಲಯಾಳ ಅಕ್ಷರ ಗೊತ್ತಿಲ್ಲ. ನಾನೇ ಓದಿ ಹೇಳಿದೆ. ಮೇಲೆ ‘ಅಪೇಕ್ಷಾ ಫಾರಂ’, ಕೆಳಗೆ ‘ಒಪ್ಪ್’. ಅತ್ತೆ ಎಲೆ ಅಡಿಕೆ ಜಗಿಯುತ್ತಾ ಅಂದರು: “ಅಪೇಕ್ಷೆ ಉಂಟು. ನಾನು ಒಪ್ಪಿಯೂ ಆಯ್ತು. ದುಡ್ಡು ಯಾವಾಗ ಕೊಡ್ತಾರೆ?”

ನಗು ಬಂತು ನಿಜ. ಆದರೆ ನಮ್ಮ ಕಡೆಯ ಹಿರಿಯರು ಪಿಂಚಣಿ ವಿಷಯದಲ್ಲಿ ಎಡವುವುದು ಇಂಥ ಕಡೆಗಳಲ್ಲೇ. ಅರ್ಹತೆ ಇರುತ್ತದೆ, ಕಾಗದ ಇರುವುದಿಲ್ಲ. ಕಾಗದ ಇದ್ದರೆ ಅದರಲ್ಲಿ ಹೆಸರು ಬೇರೆ. ಎಲ್ಲ ಸರಿ ಇದ್ದು ಪಿಂಚಣಿ ಶುರುವಾದರೂ, ಮರುವರ್ಷ ಮಸ್ಟರಿಂಗ್, ಅಂದರೆ ಬದುಕಿದ್ದೇವೆ ಅಂತ ಬೆರಳು ಒತ್ತಿ ತೋರಿಸುವುದು, ತಪ್ಪಿ ಅದು ನಿಲ್ಲುತ್ತದೆ. ಹೀಗಾಗಿ ಮಂಜೇಶ್ವರ, ಕಾಸರಗೋಡು ತಾಲೂಕಿನ ಕನ್ನಡದವರಿಗಾಗಿ ಗೊತ್ತಿದ್ದಷ್ಟು ಬರೆದಿಟ್ಟಿದ್ದೇನೆ.

ಮೊದಲು ಶಬ್ದಗಳ ಗಲಾಟೆ ಮುಗಿಸೋಣ. ಮಲಯಾಳದಲ್ಲಿ ‘ಅಪೇಕ್ಷ’ ಅಂದರೆ ಅರ್ಜಿ, ‘ಒಪ್ಪ್’ ಅಂದರೆ ಸಹಿ. ‘ಮೇಲ್‌ವಿಲಾಸಂ’ ಅಂದರೆ ವಿಳಾಸ, ‘ವರುಮಾನಂ’ ಅಂದರೆ ಆದಾಯ. ‘ಸಾಕ್ಷ್ಯಪತ್ರಂ’ ಕೇಳಿದರೆ ಸಾಕ್ಷಿಗೆ ಜನ ಕರೆದುಕೊಂಡು ಹೋಗಬೇಡಿ, ಅದು ಸರ್ಟಿಫಿಕೇಟು. ‘ಪಗರ್ಪ್ಪ್’ ಅಂದರೆ ನಕಲು. ಹುಷಾರಾಗಿರಬೇಕಾದವು ಇನ್ನೆರಡು ಇವೆ. ಅರ್ಜಿ ‘ಅನುವದಿಚ್ಚು’ ಅಂದರೆ ಅದನ್ನು ಅನುವಾದ ಮಾಡಿದ್ದಾರೆ ಅಂತ ಅಲ್ಲ, ಮಂಜೂರಾಗಿದೆ ಅಂತ. ‘ತಡಞ್ಞುವೆಚ್ಚು’ ಅಂದರೆ ನಿಮ್ಮ ಹಣ ಯಾರೋ ವೆಚ್ಚ ಮಾಡಿದ್ದಲ್ಲ, ತಡೆದಿಟ್ಟಿದ್ದಾರೆ. ‘ಕುಡಿಶ್ಶಿಗ’ ಅಂದರೆ ಬಾಕಿ. ಈ ಶಬ್ದವನ್ನು ಕೇಳುವ ಪ್ರಸಂಗ ಆಗಾಗ ಬರುತ್ತದೆ.

ಈಗ ಹಣದ ವಿಷಯ. ಕೇರಳದಲ್ಲಿ ಸಾಮಾಜಿಕ ಭದ್ರತಾ ಪಿಂಚಣಿ ಐದು ಬಗೆ. ಅರವತ್ತು ತುಂಬಿದವರಿಗೆ ವೃದ್ಧಾಪ್ಯ ಪಿಂಚಣಿ, ವಿಧವೆಯರಿಗೆ, ಶೇಕಡಾ 40ರಷ್ಟಾದರೂ ಅಂಗವಿಕಲತೆ ಇರುವವರಿಗೆ, ಐವತ್ತು ದಾಟಿದ ಮದುವೆಯಾಗದ ಹೆಂಗಸರಿಗೆ, ಮತ್ತೆ ಕೃಷಿ ಕಾರ್ಮಿಕರಿಗೆ. ಐದಕ್ಕೂ ಮೊತ್ತ ಒಂದೇ. 2021ರಿಂದ ತಿಂಗಳಿಗೆ 1600 ಇತ್ತು, 2025ರ ನವೆಂಬರ್‌ನಿಂದ 2000 ಆಯಿತು. ಕರ್ನಾಟಕದ ಸಂಧ್ಯಾ ಸುರಕ್ಷಾ 65 ವರ್ಷಕ್ಕೆ ಶುರುವಾಗುತ್ತದೆ, ಇಲ್ಲಿ 60ಕ್ಕೇ ಅರ್ಜಿ ಹಾಕಬಹುದು. ಗಡಿಯ ಈಚೆ ಇರುವುದರಿಂದ ನಮಗೆ ಸಿಕ್ಕ ಲಾಭಗಳಲ್ಲಿ ಇದೂ ಒಂದು ಅಂತ ಲೆಕ್ಕ ಹಾಕಿಕೊಳ್ಳಬಹುದು.

ಒಂದು ಗೊಂದಲ ಇಲ್ಲೇ ಹೇಳಿಬಿಡುತ್ತೇನೆ. ಕೆಲವರ ಪಾಸ್‌ಬುಕ್ಕಿನಲ್ಲಿ ಹಣ ಎರಡು ತುಂಡಾಗಿ ಬರುತ್ತದೆ. ಇದರಲ್ಲಿ ಮೋಸ ಇಲ್ಲ. ವೃದ್ಧಾಪ್ಯ, ವಿಧವಾ, ಅಂಗವಿಕಲ ಪಿಂಚಣಿಗಳಲ್ಲಿ ಕೆಲವರಿಗೆ ಕೇಂದ್ರದ ಪಾಲೂ ಇದೆ. ಎಂಬತ್ತರ ಒಳಗಿನ ವೃದ್ಧರಿಗೆ ಅದು 200 ರೂಪಾಯಿ, ಎಂಬತ್ತು ದಾಟಿದವರಿಗೆ 500. ಆ ಪಾಲು ಬೇರೆ ದಾರಿಯಲ್ಲಿ, ಬೇರೆ ದಿನ ಬ್ಯಾಂಕಿಗೆ ಬರುವುದುಂಟು. ಎರಡನ್ನೂ ಕೂಡಿಸಿ ನೋಡಿ, ಆಮೇಲೆ ಬೈಯಿರಿ.

ಯಾರಿಗೆ ಸಿಗುವುದಿಲ್ಲ? ಕುಟುಂಬದ ವರ್ಷದ ಆದಾಯ ಒಂದು ಲಕ್ಷ ದಾಟಿದರೆ ಇಲ್ಲ. ಎರಡು ಎಕರೆಗಿಂತ ಜಾಸ್ತಿ ಜಾಗ ಇದ್ದರೆ ಇಲ್ಲ. ಪರಿಶಿಷ್ಟ ಪಂಗಡದವರಿಗೆ ಜಾಗದ ಈ ಮಿತಿ ಇಲ್ಲ. ಆದಾಯ ತೆರಿಗೆ ಕಟ್ಟುವವರಿಗೆ, ಸರ್ಕಾರಿ ಪಿಂಚಣಿ ಬರುವವರಿಗೆ ಇಲ್ಲ. 2000 ಚದರ ಅಡಿಗಿಂತ ದೊಡ್ಡ ಮನೆ, ಏಸಿ, ಟ್ಯಾಕ್ಸಿ ಅಲ್ಲದ 1000 ಸಿಸಿಗಿಂತ ದೊಡ್ಡ ಕಾರು ಇದ್ದರೂ ಹೆಸರು ಹೊರಗೆ. ನಮ್ಮ ಕಡೆ ಕಷ್ಟ ಆಗುವುದು ಜಾಗದ ವಿಷಯದಲ್ಲಿ. ತಂದೆಯ ಹೆಸರಲ್ಲೇ ಉಳಿದ ತೋಟ, ಪಾಲಾಗದ ಗುಡ್ಡೆ, ಪುತ್ತಿಗೆ, ಪೈವಳಿಕೆ ಕಡೆ ಹೋದರೆ ಇಂಥ ಮನೆಗಳು ಬೇಕಾದಷ್ಟು. ಕಾಗದದಲ್ಲಿ ಮೂರು ಎಕರೆ, ಕೈಗೆ ಬರುವುದು ಹತ್ತು ಅಡಿಕೆ ಮರದ ಫಸಲು. ಪಾಲುಪಟ್ಟಿ ಮಾಡಿಸದೆ ಅರ್ಜಿ ಹಾಕಿದರೆ ಅಲ್ಲೇ ನಿಲ್ಲುತ್ತದೆ.

ಮತ್ತೆ, ಸುಳ್ಳು ಹೇಳಿ ಪಾರಾಗಬಹುದು ಅನ್ನುವ ಕಾಲ ಹೋಯಿತು. 2024ರ ನವೆಂಬರ್‌ನಲ್ಲಿ 1458 ಸರ್ಕಾರಿ ನೌಕರರೇ ಈ ಪಿಂಚಣಿ ತಿನ್ನುತ್ತಿದ್ದಾರೆ ಅಂತ ಹಣಕಾಸು ಇಲಾಖೆ ಹಿಡಿಯಿತು. ಆಮೇಲೆ ತಪಾಸಣೆ ಬಿಗಿಯಾಗಿದೆ. ತಪ್ಪು ಯಾರದ್ದೋ, ಆದರೆ ಕಾಗದ ಹಿಡಿದು ಓಡಾಡುವವರು ನಮ್ಮ ಅಜ್ಜಿಯಂದಿರು!

ಅರ್ಜಿ ಕೊಡಬೇಕಾದ್ದು ನಿಮ್ಮ ಗ್ರಾಮ ಪಂಚಾಯತಿ ಅಥವಾ ನಗರಸಭೆಯಲ್ಲಿ, ಅಲ್ಲಿನ ಕಾರ್ಯದರ್ಶಿಗೆ. ಆಧಾರ್, ರೇಷನ್ ಕಾರ್ಡು, ವಯಸ್ಸಿನ ದಾಖಲೆ, ಬ್ಯಾಂಕ್ ಪಾಸ್‌ಬುಕ್, ವಿಲೇಜ್ ಆಫೀಸಿನಿಂದ ಆದಾಯ ಸರ್ಟಿಫಿಕೇಟು ಬೇಕು. ಆದಾಯ ಸರ್ಟಿಫಿಕೇಟಿಗೆ ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಕೆಲಸಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವ ಕೇರಳದ ಸೇವಾ ಕೇಂದ್ರ) ಆನ್‌ಲೈನ್ ಹಾಕಿದರೆ ಸಾಕು. ಪಂಚಾಯತಿಗೆ ಅರ್ಜಿ ಮುಟ್ಟಿದ ಮೇಲೆ ತನಿಖೆ ಆಗುತ್ತದೆ, ಆಮೇಲೆ ಪಂಚಾಯತಿ ಸಮಿತಿ ಒಪ್ಪಬೇಕು. ವಾರ್ಡ್ ಮೆಂಬರಿಗೆ, ಕುಟುಂಬಶ್ರೀ ಮಹಿಳಾ ಸಂಘದವರಿಗೆ ಒಂದು ಮಾತು ಹೇಳಿಟ್ಟಿರಿ. ಅವರಿಗೆ ಯಾವ ಮೀಟಿಂಗಿನಲ್ಲಿ ಏನಾಯಿತು ಅಂತ ಗೊತ್ತಿರುತ್ತದೆ.

ಹೆಸರಿನ ಕಥೆ ಮಾತ್ರ ಸ್ವಲ್ಪ ಉದ್ದ. ನಮ್ಮ ಹಿರಿಯರ ಹೆಸರು ಶಾಲೆಯ ದಾಖಲೆಯಲ್ಲಿ ಕನ್ನಡದಲ್ಲಿ, ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ, ಆಧಾರ್‌ನಲ್ಲಿ ಮಲಯಾಳದ ಜೊತೆ ಇಂಗ್ಲಿಷಿನಲ್ಲಿ ಇರುತ್ತದೆ. ಐತ್ತಪ್ಪ ಅನ್ನುವ ಒಂದು ಹೆಸರು ತಗೊಳ್ಳಿ. ಇಂಗ್ಲಿಷಿನಲ್ಲಿ ಅದು ಒಂದು ಕಡೆ ಐತಪ್ಪ, ಇನ್ನೊಂದು ಕಡೆ ಇತ್ತಪ್ಪ, ಮತ್ತೊಂದು ಕಡೆ ಆಯಿತಪ್ಪ. ಮೂರೂ ಅವನೇ ಅಂತ ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅದರ ಮೇಲೆ ‘ವೀಟ್ಟುಪೇರ್’, ಅಂದರೆ ಮನೆ ಹೆಸರು. ನಾವು ಜಾಗದ ಹೆಸರು ಹೇಳುತ್ತೇವೆ, ಒಮ್ಮೆ ‘ಮೂಲೆ’, ಇನ್ನೊಮ್ಮೆ ‘ಮೂಲೆಮನೆ’. ಅತ್ತೆಯ ಆಧಾರ್‌ನಲ್ಲಿ ಗಂಡನ ಹೆಸರು ಇತ್ತು, ರೇಷನ್ ಕಾರ್ಡಿನಲ್ಲಿ ತಂದೆಯ ಮನೆ ಹೆಸರು. ಎರಡೂ ಒಬ್ಬರದ್ದೇ ಅನ್ನುವ ಸರ್ಟಿಫಿಕೇಟಿಗಾಗಿ ಮೂರು ಸಲ ಬಸ್ ಹತ್ತಿದೆ. ಒಂದು ಕಚೇರಿಯಲ್ಲಿ ‘ನಾಳೆ ಬನ್ನಿ’ ಅಂತ ಮೂರು ವಾರ ಕಳೆಸಿದರು. ಹಾಗಾಗಿ ಹೇಳುವುದು: ಅರವತ್ತಾಗುವ ಒಂದು ವರ್ಷ ಮೊದಲೇ ಎಲ್ಲ ಕಾರ್ಡು ಮೇಜಿನ ಮೇಲೆ ಹರಡಿ, ಅಕ್ಷರ ಅಕ್ಷರ ಹೋಲಿಸಿ ನೋಡಿ. ಮೊದಲು ಆಧಾರ್ ಸರಿ ಮಾಡಿಸಿ, ಉಳಿದದ್ದನ್ನು ಅದರ ಪ್ರಕಾರ ಬದಲಿಸಿ.

ಕನ್ನಡದಲ್ಲಿ ಬರೆದುಕೊಡಬಹುದಾ? ಕೊಡಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಹೇಳುವುದೇ ಹಾಗೆ: ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಕಡೆಗಳ ಸರ್ಕಾರಿ ಕಚೇರಿಗಳ ಜೊತೆ, ಸೆಕ್ರೆಟರಿಯೇಟಿನ ಜೊತೆ ಕನ್ನಡಿಗರು ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಸಂವಿಧಾನದ 350ನೇ ವಿಧಿ ಕೂಡ ಇದೆ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಇಷ್ಟಿದ್ದರೂ ನಾನು ಮಾಡುವುದು ಹೀಗೆ: ಪಿಂಚಣಿ ಫಾರಂ ಮಾತ್ರ ಮಲಯಾಳ ಗೊತ್ತಿರುವವರಿಂದ ತುಂಬಿಸುತ್ತೇನೆ. ಯಾಕೆಂದರೆ ಅದನ್ನು ನೋಡಿ ಕಂಪ್ಯೂಟರಿಗೆ ಹೊಡೆಯುವವರಿಗೆ ಕನ್ನಡ ಬರದಿದ್ದರೆ ಹೆಸರು ಮತ್ತೆ ಕೆಡುತ್ತದೆ. ಆದರೆ ದೂರು, ಪಿಂಚಣಿ ನಿಂತದ್ದು ಯಾಕೆ ಅನ್ನುವ ಪ್ರಶ್ನೆ, ಇವೆಲ್ಲ ಕನ್ನಡದಲ್ಲೇ. ಒಂದು ಪ್ರತಿಯ ಮೇಲೆ ಸೀಲು ಹಾಕಿಸಿ, ರಸೀದಿ ತಗೊಂಡು ಬನ್ನಿ. ಬಾಯಲ್ಲಿ ಕೇಳಿದ್ದು ಆ ಕಿಟಕಿಯಲ್ಲೇ ಉಳಿಯುತ್ತದೆ. ನಾವು ಬರೆಯುವುದು ನಿಲ್ಲಿಸಿದರೆ ಕನ್ನಡ ಗೊತ್ತಿರುವ ಗುಮಾಸ್ತರು ಬೇಕು ಅನ್ನುವ ಮಾತಿಗೂ ಬಲ ಇರುವುದಿಲ್ಲ, ಅಲ್ವಾ?

ಇನ್ನು ಮಸ್ಟರಿಂಗ್. ಪಿಂಚಣಿ ಪಡೆಯುವವರು ಬದುಕಿದ್ದಾರೆ ಅಂತ ವರ್ಷಕ್ಕೊಮ್ಮೆ ಬೆರಳು ಒತ್ತಿ ತೋರಿಸುವುದು. ಸರ್ಕಾರ ದಿನಾಂಕ ಪ್ರಕಟಿಸುತ್ತದೆ, ಆ ಅವಧಿಯಲ್ಲಿ ಆಧಾರ್ ಹಿಡಿದುಕೊಂಡು ಅಕ್ಷಯ ಕೇಂದ್ರಕ್ಕೆ ಹೋಗಬೇಕು. ಶುಲ್ಕ 30 ರೂಪಾಯಿ. ಹಾಸಿಗೆ ಹಿಡಿದವರಾದರೆ ಅಕ್ಷಯದವರು ಮನೆಗೇ ಬರುತ್ತಾರೆ, ಅದಕ್ಕೆ 50. ಇದನ್ನು ತಪ್ಪಿಸಿದರೆ ಪಿಂಚಣಿ ನಿಲ್ಲುತ್ತದೆ.

ಅತ್ತೆ ಮೂವತ್ತು ವರ್ಷ ಅಡಿಕೆ ಸುಲಿದವರು. ಹೆಬ್ಬೆರಳಿನ ಗೆರೆ ಯಾವತ್ತೋ ಸವೆದು ಹೋಗಿದೆ, ತುದಿಯಲ್ಲಿ ಕಪ್ಪು ಕಲೆ ಮಾತ್ರ ಉಳಿದಿದೆ. ಅಕ್ಷಯದ ಹುಡುಗಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಬೇರೆ ಬೆರಳು ಇಡಿಸಿದಳು, ಎಡಗೈ ಇಡಿಸಿದಳು. ಯಂತ್ರದ ಕೆಂಪು ದೀಪ ಮಾತ್ರ ಹಸಿರಾಗಲಿಲ್ಲ. ಹಿಂದೆ ಹನ್ನೆರಡು ಜನರ ಸಾಲು. “ನಾನು ಇಲ್ಲೇ ಕೂತಿದ್ದೇನಲ್ಲ ಮಗಾ, ಅದಕ್ಕೆ ಕಾಣುವುದಿಲ್ವಾ?” ಅಂತ ಅತ್ತೆ ಕೇಳಿದರು. ಕೊನೆಗೆ ಕಣ್ಣಿನ ಯಂತ್ರ ತಂದು ಹಿಡಿದಾಗ ಆಯಿತು. ನಿಮಗೆ ಹೀಗಾದರೆ ಸುಮ್ನೆ ಮನೆಗೆ ಬರಬೇಡಿ. ಕಣ್ಣಿನ ಯಂತ್ರ ಉಂಟಾ ಕೇಳಿ. ಅದರಲ್ಲೂ ಆಗದಿದ್ದರೆ ಜೀವಂತ ಪ್ರಮಾಣಪತ್ರವನ್ನು ಪಂಚಾಯತಿಗೆ ಕೊಟ್ಟು ಸರಿ ಮಾಡಿಸಲು ದಾರಿ ಇದೆ.

ಅರವತ್ತರ ಒಳಗಿನ ವಿಧವೆಯರು ಮತ್ತು ಅವಿವಾಹಿತ ಪಿಂಚಣಿಯವರು ವರ್ಷಕ್ಕೊಮ್ಮೆ ಮದುವೆ ಅಥವಾ ಮರುಮದುವೆ ಆಗಿಲ್ಲ ಅನ್ನುವ ಸರ್ಟಿಫಿಕೇಟೂ ಕೊಡಬೇಕು. ಐವತ್ತೆಂಟರ ಹೆಂಗಸಿನ ಹತ್ತಿರ ಪ್ರತಿ ವರ್ಷ ಇದನ್ನು ಕೇಳುವುದು ನನಗೆ ಸರಿ ಕಾಣುವುದಿಲ್ಲ. ಆದರೂ ನಿಯಮ ಇರುವವರೆಗೆ ಕೊಟ್ಟುಬಿಡಿ.

ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ ಕಡೆಯವರಿಗೆ ಬೇರೆ ಒಂದು ಮಾತು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್‌ನ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದ್ದರೆ ‘ಸ್ನೇಹಸಾಂತ್ವನಂ’ ಅನ್ನುವ ಬೇರೆಯೇ ಸಹಾಯ ಇದೆ. ಅಂಗವಿಕಲ ಪಿಂಚಣಿ ಇಲ್ಲದ, ಪೂರ್ತಿ ಹಾಸಿಗೆ ಹಿಡಿದವರಿಗೆ ತಿಂಗಳಿಗೆ 2200, ಆ ಪಿಂಚಣಿ ಇರುವವರಿಗೆ 1700, ಉಳಿದವರಿಗೆ 1200 ಅಂತ ಯೋಜನೆಯ ಲೆಕ್ಕ. ಅಂದರೆ ಒಂದು ಸಿಗುತ್ತದೆ ಅಂತ ಇನ್ನೊಂದನ್ನು ಬಿಡಬೇಕಾಗಿಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮನೆಯವರಿಗೆ ‘ಆಶ್ವಾಸಕಿರಣಂ’ನಲ್ಲಿ ತಿಂಗಳಿಗೆ 600 ಇದೆ. ಕೆಲಸ ಬಿಟ್ಟು ಮಗನ ಪಕ್ಕ ಕೂತ ತಾಯಿಗೆ ಇದು ಏನೇನೂ ಸಾಲದು. ಆದರೆ ಇದಕ್ಕೆ ಅರ್ಜಿಯನ್ನೇ ಹಾಕದವರು ನಮ್ಮಲ್ಲಿ ಜಾಸ್ತಿ.

“ಗೃಹಲಕ್ಷ್ಮಿ ನಮಗೆ ಯಾಕಿಲ್ಲ?” ಮಂಗಳೂರಿನ ಸುದ್ದಿ ನೋಡುವ ಮನೆಗಳಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಅಷ್ಟೇ ಕಾರಣ. ಕರ್ನಾಟಕದ ರೇಷನ್ ಕಾರ್ಡು ಇಲ್ಲದೆ ಅದು ಸಿಗುವುದಿಲ್ಲ. ತಲಪಾಡಿಯ ಆಚೆ ಮಗಳ ಮನೆಯ ವಿಳಾಸದಲ್ಲಿ ಒಂದು, ಈಚೆ ಒಂದು ಅಂತ ಎರಡು ರಾಜ್ಯದ ಕಾರ್ಡು ಇಟ್ಟುಕೊಳ್ಳುವ ಜಾಣತನ ಬೇಡ. ಆಧಾರ್ ಒಂದೇ, ಸಿಕ್ಕಿಬೀಳುತ್ತೀರಿ. ಮಂಗಳೂರಿನಲ್ಲಿ ಮಗಳ ಜೊತೆ ವರ್ಷವಿಡೀ ಇರುವ ಅಜ್ಜಿಯರೂ ಮಸ್ಟರಿಂಗಿಗೆ ಈಚೆ ಬರಬೇಕು, ಅಕ್ಷಯ ಇರುವುದು ಕೇರಳದಲ್ಲಿ ಮಾತ್ರ. ಇಲ್ಲಿನ ಹೆಂಗಸರಿಗೂ ಒಂದು ಹೊಸ ಯೋಜನೆಯನ್ನು 2025ರ ಅಕ್ಟೋಬರ್‌ನಲ್ಲಿ ಕೇರಳ ಸರ್ಕಾರ ಘೋಷಿಸಿತು. ಹಳದಿ ಅಥವಾ ಗುಲಾಬಿ (ಬಡ ಕುಟುಂಬಗಳಿಗೆ ಕೊಡುವ) ರೇಷನ್ ಕಾರ್ಡಿನ, ಬೇರೆ ಪಿಂಚಣಿ ಇಲ್ಲದ, 35ರಿಂದ 60ರ ಒಳಗಿನವರಿಗೆ ತಿಂಗಳಿಗೆ 1000. ಅದರ ಬಗ್ಗೆ ಪಂಚಾಯತಿಯಲ್ಲಿ ವಿಚಾರಿಸಿ.

ಹಣ ಬ್ಯಾಂಕಿಗೆ ಬೇಕಾ, ಮನೆಗೆ ಬೇಕಾ ಅಂತ ಕೇಳುತ್ತಾರೆ. ನಡೆಯಲಾಗದವರಿಗೆ ಮನೆಗೇ ಒಳ್ಳೆಯದು. ಸಹಕಾರಿ ಸಂಘದ ಏಜೆಂಟರು ಬಂದು ಕೈಗೆ ಕೊಡುತ್ತಾರೆ. 2024ರ ಶುರುವಿನಲ್ಲಿ ತಿಂಗಳುಗಟ್ಟಲೆ ಬಾಕಿ ಉಳಿದಾಗ ಅತ್ತೆ ದಿನಾ ಸಂಜೆ ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಓಣಂ ಹೊತ್ತಿಗೆ ಎರಡು ತಿಂಗಳದ್ದು ಒಟ್ಟಿಗೆ ಬರುವುದುಂಟು, ಆಗ ಎಣಿಸಿ ತಗೊಳ್ಳಿ, ಎಷ್ಟು ತಿಂಗಳದ್ದು ಅಂತ ಕೇಳಿದ ಮೇಲೆಯೇ ಸಹಿ ಹಾಕಿ. ಏಜೆಂಟರಿಗೆ ಸರ್ಕಾರವೇ ಕಮಿಷನ್ ಕೊಡುತ್ತದೆ, ನೀವು ನೂರೋ ಐವತ್ತೋ ಕೊಡಬೇಕಾಗಿಲ್ಲ. ಬಿಸಿಲಲ್ಲಿ ಬಂದವರಿಗೆ ನೀರು ಬೆಲ್ಲ ಕೊಟ್ಟರೆ ಸಾಕು.