ಜೀಪಿನ ಹಿಂದೆ 115 ಕೆಜಿ

ಕೊಡಗಿನಲ್ಲಿ ಕಕ್ಕಡ ಎನ್ನುವ ಜೋರು ಮಳೆಯ ತಿಂಗಳ ಒಂದು ಸಂಜೆ. ಗಾಳಿಬೀಡಿನಿಂದ ಕಾಲೂರು ಕಡೆ ಇಳಿಯುತ್ತಿದ್ದೆವು. ಬೆಳಿಗ್ಗೆಯಿಂದ ಮಳೆ ಬಿಟ್ಟಿರಲಿಲ್ಲ. ಒಂದು ತಿರುವು ದಾಟಿದ ಕೂಡಲೇ ರಸ್ತೆಗೆ ಅಡ್ಡಲಾಗಿ ಸಿಲ್ವರ್ ಓಕ್ ಮರ ಬಿದ್ದಿತ್ತು. ಬ್ರೇಕ್ ಒತ್ತಿದೆ. ಜೀಪು ನಿಂತಿತು. ಹಿಂದಿದ್ದ ಸಾಮಾನು ನಿಲ್ಲಲಿಲ್ಲ.

ಟೂಲ್ ಬಾಕ್ಸ್ ಜಾರಿ ಬಂದು ನನ್ನ ತಮ್ಮ ಕೂತಿದ್ದ ಸೀಟಿನ ಬೆನ್ನಿಗೆ ಬಡಿಯಿತು. ಅದರ ಮೇಲೆ ಸುಮ್ನೆ ಇಟ್ಟಿದ್ದ ಉದ್ದನೆಯ ಜಾಕ್ ಎರಡು ಸೀಟುಗಳ ನಡುವೆ ತೂರಿ ಗೇರ್ ಲಿವರ್ ತನಕ ಬಂತು. ಬರುವಾಗ ತಮ್ಮನ ಮೊಣಕೈ ಸೀಳಿತು. ಆಗ ನಮ್ಮ ವೇಗ 25 ಕಿಲೋಮೀಟರ್ ಇದ್ದಿರಬಹುದು, ಅಷ್ಟೇ. ಮಡಿಕೇರಿಗೆ ವಾಪಸ್ ಹೋಗಿ ಹೊಲಿಗೆ ಹಾಕಿಸಿಕೊಂಡು ಬರುವಾಗ ಅವನು ಕೇಳಿದ, "ಅಣ್ಣ, ಇದು ತಲೆಗೆ ತಾಗಿದ್ರೆ?" ನನಗೆ ಉತ್ತರ ಕೊಡಲು ಆಗಲಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಜೀಪಿನಲ್ಲಿ ಸಾಮಾನು ಇರಲೇಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಕ್ಕಂದೂರು, ಕಾಲೂರು, ಜೋಡುಪಾಲ ಕಡೆಯ ದಾರಿಗಳೆಲ್ಲ ಮುಚ್ಚಿಹೋಗಿದ್ದವು. ಅದಾದ ಮೇಲೆ ಹಗ್ಗ, ಹಾರೆ, ಕತ್ತಿ, ಮರ ಕೊಯ್ಯುವ ಮಿಷನ್ ಇಲ್ಲದೆ ನಾನು ಮನೆ ಬಿಟ್ಟು ಹೊರಟವನಲ್ಲ. ಒಂದೊಂದಾಗಿ ಕೊಳ್ಳುತ್ತಾ ಹೋದೆ. ಕಟ್ಟುವುದಕ್ಕೆ ಬೇಕಾದದ್ದನ್ನು ಮಾತ್ರ ಕೊಳ್ಳಲಿಲ್ಲ. ತಪ್ಪಾಗಿದ್ದು ಅಲ್ಲೇ.

ಮಾರನೇ ದಿನ ಎಲ್ಲವನ್ನೂ ಕಾಫಿ ಕಣಕ್ಕೆ ಇಳಿಸಿದೆ. ಹಣ್ಣು ತೂಗುವ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ ಬರೆದುಕೊಂಡೆ. ಟೂಲ್ ಬಾಕ್ಸ್ 19 ಕೆಜಿ. ಉದ್ದ ಜಾಕ್ 13. ಡೀಸೆಲ್ ತುಂಬಿದ 20 ಲೀಟರ್ ಕ್ಯಾನ್ 21. ನೀರಿನ ಕ್ಯಾನ್ ಕೂಡ 21. ಹಾರೆ, ಸಲಿಕೆ, ಗುದ್ದಲಿ, ಕತ್ತಿ ಸೇರಿ 12. ಮಿಷನ್, ಗಾಳಿ ತುಂಬುವ ಕಂಪ್ರೆಸರ್, ಬೆಲ್ಟು, ಬೆಲ್ಟ್ ಸಿಕ್ಕಿಸುವ ಕೊಂಡಿ (ಶ್ಯಾಕಲ್), ಟಾರ್ಪಾಲ್ ಎಲ್ಲ ಸೇರಿಸಿದಾಗ 115 ಕೆಜಿ ಆಯಿತು. ಎರಡು ಮೂಟೆ ಕಾಫಿಗಿಂತ ಜಾಸ್ತಿ! ಕಾಫಿ ಮೂಟೆಯನ್ನಾದರೆ ನಾವು ಹಗ್ಗ ಹಾಕದೆ ಸಾಗಿಸುತ್ತೇವಾ? ಇದನ್ನು ಮಾತ್ರ ಹಾಗೇ ಹಾಕಿಕೊಂಡು ಓಡಾಡುತ್ತಿದ್ದೆ.

ಮೊದಲು ತೂಕ ಇಳಿಸಿದೆ. ಡೀಸೆಲ್ ಕ್ಯಾನ್ ಪೂರ್ತಿ ತೆಗೆದುಹಾಕಿದೆ. ಬಂಕ್ ಸಿಗದೆ 100 ಕಿಲೋಮೀಟರ್ ಓಡಬೇಕಾದ ಜಾಗ ನಮ್ಮ ಜಿಲ್ಲೆಯಲ್ಲಿ ಇಲ್ಲ. ಹೊರಡುವ ಮೊದಲು ಟ್ಯಾಂಕ್ ತುಂಬಿಸಿದರೆ ಸಾಕು. ನೀರು 5 ಲೀಟರ್‌ಗೆ ಇಳಿಯಿತು. ಟೂಲ್ ಬಾಕ್ಸ್‌ನಲ್ಲಿ ನನ್ನ ಜೀಪಿನ ಒಂದು ನಟ್ಟಿಗೂ ಹೊಂದದ ಸ್ಪ್ಯಾನರ್‌ಗಳೇ ಮೂರು ಕೆಜಿ ಇದ್ದವು. ಮಿಷನ್‌ಗೆ ಬೇಕಾದ ಪೆಟ್ರೋಲನ್ನು ಮರ ಬಿದ್ದಿದೆ ಎಂದು ಗೊತ್ತಾದ ದಿನ ಮಾತ್ರ ಒಯ್ಯುತ್ತೇನೆ. ಅದು ಸಣ್ಣ ಲೋಹದ ಕ್ಯಾನ್, ಕುತ್ತಿಗೆ ತನಕ ತುಂಬುವುದಿಲ್ಲ. ತುಂಬುವಾಗ ಜೀಪಿನೊಳಗೆ ಇಡದೆ ನೆಲದ ಮೇಲೆ ಇಡುತ್ತೇನೆ. ಮುಚ್ಚಿದ ಗಾಡಿಯೊಳಗೆ ಪೆಟ್ರೋಲ್ ಆವಿ ತುಂಬಿಕೊಂಡರೆ ಒಂದು ಕಿಡಿ ಸಾಕು.

ಆಮೇಲೆ ಕ್ಯಾರಿಯರ್. ನನ್ನದು ಹಳೇ ಮಾದರಿಯ ಮಹೀಂದ್ರ ಥಾರ್. ಫೈಬರ್ ಟಾಪ್ ಹಾಕಿಸಿ ಅದರ ಮೇಲೆ ಒಂದು ಗ್ಯಾರೇಜಿನಲ್ಲಿ ಕಬ್ಬಿಣದ ಕ್ಯಾರಿಯರ್ ಕೂರಿಸಿದ್ದೆ. ನೋಡಲು ಬಹಳ ಚೆನ್ನಾಗಿತ್ತು. ತೂಗಿದಾಗ ಬರೀ ಕ್ಯಾರಿಯರೇ 34 ಕೆಜಿ. ಬೋಲ್ಟ್ ಹಾಕಿದ ಜಾಗದಲ್ಲೆಲ್ಲ ಫೈಬರ್ ಕೂದಲೆಳೆಯಂತೆ ಬಿರುಕು ಬಿಟ್ಟಿತ್ತು. ಕೆಳಗೆ ದೊಡ್ಡ ಪ್ಲೇಟ್ ಕೊಡದೆ ಸಣ್ಣ ವಾಷರ್‌ನಲ್ಲೇ ಬಿಗಿದಿದ್ದರು. ಎರಡು ವೆಲ್ಡಿಂಗ್ ಕೂಡ ಬಿಟ್ಟಿದ್ದವು.

ಅದನ್ನು ರಿಪೇರಿ ಮಾಡಿಸಲಿಲ್ಲ, ಬಿಚ್ಚಿಯೇ ಹಾಕಿದೆ. ನಮ್ಮ ತೋಟದ ದಾರಿಗಳು ಹೇಗಿರುತ್ತವೆ ಅಂತ ಗೊತ್ತಲ್ವಾ. ಒಂದು ಪಕ್ಕ ಬರೆ, ಅಂದರೆ ಗುಡ್ಡದ ಗೋಡೆ, ಇನ್ನೊಂದು ಪಕ್ಕ ಮಳೆ ನೀರು ಕೊರೆದ ಚರಂಡಿ. ಜೀಪು ಓರೆಯಾಗಿಯೇ ಹೋಗಬೇಕು. ಆಗ ತಲೆಯ ಮೇಲಿರುವ ಪ್ರತಿ ಕೆಜಿಯೂ ಗಾಡಿಯನ್ನು ಚರಂಡಿ ಕಡೆಗೆ ಎಳೆಯುತ್ತದೆ. ಅದೇ ತೂಕ ನೆಲದಲ್ಲಿದ್ದರೆ ಗಾಡಿಯನ್ನು ಊರಿ ಹಿಡಿಯುತ್ತದೆ. ಜೊತೆಗೆ ನೆರಳು ಮರದ ತಗ್ಗಿನ ಕೊಂಬೆಗಳು ಕ್ಯಾರಿಯರ್‌ಗೆ ಸಿಕ್ಕಿಹಾಕಿಕೊಳ್ಳುತ್ತವೆ. ಬಿಚ್ಚಿದ ಮೇಲೆ ತಿರುವಿನಲ್ಲಿ ಜೀಪು ವಾಲುವುದು ಎಷ್ಟು ಕಡಿಮೆಯಾಯಿತು ಅಂದರೆ, ಮೊದಲ ದಿನವೇ ಸ್ಟೀರಿಂಗ್‌ನಲ್ಲಿ ಗೊತ್ತಾಯಿತು. ಮುಂದಿನ ಬಂಪರ್‌ಗೆ ಗಾರ್ಡ್ ಹಾಕಿಸಿ ಅದರ ಮೇಲೆ ಸಾಮಾನು ಕಟ್ಟು ಅಂತ ಒಬ್ಬರು ಹೇಳಿದ್ದರು. ಇಂಥ ಗಾರ್ಡ್, ಅಂದರೆ ಬುಲ್ ಬಾರ್, ಹಾಕಿದವರ ಮೇಲೆ ಕ್ರಮ ತೆಗೆದುಕೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಹಾಗಾಗಿ ಆ ಯೋಚನೆ ಅಲ್ಲಿಗೇ ಬಿಟ್ಟೆ.

ಈಗ ಎಲ್ಲವೂ ಹಿಂದಿನ ನೆಲದಲ್ಲೇ ಇದೆ. ಪಕ್ಕದ ಸೀಟುಗಳನ್ನು ಮಡಚಿ, ಕೊಟ್ಟಿಗೆಯಲ್ಲಿ ಹಸುಗಳಿಗೆ ಹಾಸುವ ರಬ್ಬರ್ ಮ್ಯಾಟ್ ಅಳತೆಗೆ ಕತ್ತರಿಸಿ ಹಾಸಿದೆ. ಒದ್ದೆಯಾದ ತಗಡಿನ ಮೇಲೆ ಪೆಟ್ಟಿಗೆ ಎಣ್ಣೆ ಸವರಿದ ಹಾಗೆ ಜಾರುತ್ತದೆ. ರಬ್ಬರ್ ಮೇಲೆ ಎಳೆದರೂ ಕಷ್ಟಪಟ್ಟು ಬರುತ್ತದೆ. ನೆಲಕ್ಕೆ ಆರು ಕಡೆ ತಲೆಯಲ್ಲಿ ಬಳೆ ಇರುವ 10 ಎಂ.ಎಂ. ಐ ಬೋಲ್ಟ್ ಹಾಕಿಸಿದೆ. ಕೆಳಗೆ ಅಂಗೈ ಅಗಲದ, 5 ಎಂ.ಎಂ. ದಪ್ಪದ ಪ್ಲೇಟ್ ಕೊಡಿಸಿದೆ. ಬರೀ ವಾಷರ್ ಇದ್ದರೆ ಜೋರಾಗಿ ಎಳೆದಾಗ ತಗಡನ್ನೇ ಹರಿದುಕೊಂಡು ಬರುತ್ತದೆ. ತೂತು ಹೊಡೆಯುವ ಮುಂಚೆ ಜೀಪಿನ ಕೆಳಗೆ ಮಲಗಿ ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್, ವೈರ್ ಎಲ್ಲಿವೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ತೂತಿನ ಅಂಚಿಗೆ ಪೇಂಟ್ ಬಳಿಯಲು ಮರೆಯಬೇಡಿ. ನಮ್ಮ ಮಳೆಗೆ ಒಂದೇ ವರ್ಷದಲ್ಲಿ ತುಕ್ಕು ಹಿಡಿಯುತ್ತದೆ.

ಭಾರದ್ದು ಮುಂದಕ್ಕೆ, ಸೀಟಿನ ಹಿಂಬದಿಗೆ ಒತ್ತಿಕೊಂಡಿರಬೇಕು. ಟೂಲ್ ಬಾಕ್ಸ್ ಮುಂದೆ ಒಂದು ಮರದ ರೀಪರ್ ಬೋಲ್ಟ್ ಮಾಡಿದ್ದೇನೆ. ಬೆಲ್ಟ್ ಸಡಿಲವಾದರೂ ಪೆಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ಜಾಕ್ ನೆಲದಲ್ಲಿ ಅಡ್ಡ ಮಲಗಿದೆ, ಎರಡು ಕಡೆ ಕ್ಲ್ಯಾಂಪ್, ಹ್ಯಾಂಡಲ್‌ಗೆ ಬೇರೆ ಪಟ್ಟಿ. ಹಾರೆ, ಸಲಿಕೆಯ ಮೊನೆ ಯಾವತ್ತೂ ಹಿಂದಕ್ಕೆ. ಕತ್ತಿಗೆ ಹಳೇ ಟ್ಯೂಬಿನ ಒರೆ. ಎಲ್ಲದರ ಮೇಲೆ ಒಂದು ಬಲೆ. ಯುರೋಪಿನಲ್ಲಿ ಲಾರಿಗೆ ಸರಕು ಕಟ್ಟುವ ನಿಯಮದಂತೆ ಸರಕಿನ ತೂಕದ ಶೇ. 80ರಷ್ಟು ಬಲ ಮುಂದಕ್ಕೆ ನೂಕಿದರೂ ಕಟ್ಟು ತಡೆಯಬೇಕು. ಪಕ್ಕಕ್ಕೆ, ಹಿಂದಕ್ಕೆ ಅರ್ಧದಷ್ಟು. ಅದು ಒಳ್ಳೇ ರಸ್ತೆಯ ಲೆಕ್ಕ. ನಮ್ಮ ಗುಂಡಿ ದಾರಿಯಲ್ಲಿ ಸಾಮಾನು ಮೇಲಕ್ಕೂ ಎಗರುತ್ತದೆ. ಅದಕ್ಕೆ ಪೂರ್ತಿ ತೂಕವನ್ನು ಎಲ್ಲ ಕಡೆಗೂ ಹಿಡಿಯುವಂತೆ ಕಟ್ಟುತ್ತೇನೆ.

ಬೆಲ್ಟ್ ಕೊಳ್ಳುವಾಗ ನೋಡಬೇಕಾದದ್ದು ಅದರ ಚೀಟಿ. ಸಾಮಾನು ಕಟ್ಟಲು ಹಿಡಿ ಆಡಿಸಿ ಬಿಗಿ ಮಾಡುವ ಪಾಲಿಯೆಸ್ಟರ್ ರ್‍ಯಾಚೆಟ್ ಬೆಲ್ಟ್ ಬೇಕು, ಅದು ಹೆಚ್ಚು ಹಿಗ್ಗುವುದಿಲ್ಲ. ನೈಲಾನ್ ಹಿಗ್ಗುತ್ತದೆ, ಒದ್ದೆಯಾದರೆ ಇನ್ನೂ ಸಡಿಲ. ಬರೆದಿರುವುದು ಬೆಲ್ಟ್ ಹರಿಯುವ ಬಲವೋ, ಕೆಲಸದ ಬಲವೋ ಎಂದು ಓದಿ. ಕೆಲಸದ ಬಲ ಸಾಮಾನ್ಯವಾಗಿ ಹರಿಯುವ ಬಲದ ಮೂರನೇ ಒಂದು ಪಾಲು ಮಾತ್ರ. ಚೀಟಿಯೇ ಇಲ್ಲದ ಬೆಲ್ಟನ್ನು ನಾನು ಮುಟ್ಟುವುದಿಲ್ಲ. ಬೈಕಿಗೆ ಹಾಕುವ ಕೊಕ್ಕೆಯ ಇಲಾಸ್ಟಿಕ್ ಹಗ್ಗ ಭಾರದ ಸಾಮಾನಿಗೆ ಬೇಡವೇ ಬೇಡ. ಕಟ್ಟಿದ ಮೇಲೆ ಎರಡು ಮೂರು ಕಿಲೋಮೀಟರ್ ಹೋಗಿ ನಿಲ್ಲಿಸಿ ಮತ್ತೆ ಬಿಗಿ ಮಾಡಬೇಕು. ಸಾಮಾನು ಕೂತುಕೊಂಡು ಸಡಿಲವಾಗಿಯೇ ಇರುತ್ತದೆ.

ಹೂತ ಗಾಡಿ ಎಳೆಯುವ ಬೆಲ್ಟ್ ಬೇರೆ. ಅದು ನೈಲಾನೇ ಆಗಬೇಕು, ಅಲ್ಲಿ ಹಿಗ್ಗುವುದೇ ಕೆಲಸ. ಎರಡರಲ್ಲಿ ಹಗುರ ಗಾಡಿಯ ಭರ್ತಿ ತೂಕದ ಎರಡರಿಂದ ಮೂರು ಪಟ್ಟು ತಾಳುವಂಥದ್ದನ್ನು ಆರಿಸಿಕೊಳ್ಳಿ. ಶ್ಯಾಕಲ್ ಮೇಲೆ ಟನ್ ಲೆಕ್ಕ ಉಬ್ಬಕ್ಷರದಲ್ಲಿ ಇರಬೇಕು. ಮುಕ್ಕಾಲು ಇಂಚಿನ ಶ್ಯಾಕಲ್‌ಗೆ 4.75 ಟನ್ ಎಂದಿರುತ್ತದೆ. ನಾನು ಮೊದಲು ತಂದಿದ್ದಕ್ಕೆ ಏನೂ ಬರೆದಿರಲಿಲ್ಲ. ಪಕ್ಕದ ತೋಟದ ಪಿಕಪ್ ಎಳೆಯುವಾಗ ಅದರ ಪಿನ್ ಬಾಗಿ ಹೋಯಿತು. ತುಂಡಾಗಿದ್ದರೆ ಗುಂಡಿನ ಹಾಗೆ ಹಾರುತ್ತಿತ್ತು. ಅದೇ ಕಾರಣಕ್ಕೆ ಟ್ರೈಲರ್ ಸಿಕ್ಕಿಸುವ ಟೋ ಬಾಲ್‌ಗೆ ಎಂದೂ ಬೆಲ್ಟ್ ಹಾಕಬೇಡಿ. ಎಳೆಯುವಾಗ ಬೆಲ್ಟಿನ ನಡುವೆ ಒದ್ದೆ ಗೋಣಿಚೀಲ ಹೊದಿಸಿ, ಜನರನ್ನು ದೂರ ನಿಲ್ಲಿಸಿ. ಅದಕ್ಕೂ ಮೊದಲು ಚಕ್ರದ ಮುಂದಿನ ಕೆಸರನ್ನು ಸಲಿಕೆಯಲ್ಲಿ ತೆಗೆಯಿರಿ, ಟಯರ್ ಗಾಳಿ 18 ಅಥವಾ 20 ಪಿಎಸ್‌ಐಗೆ ಇಳಿಸಿ. ಎಷ್ಟೋ ಸಲ ಬೆಲ್ಟ್ ಬಿಚ್ಚುವ ಕೆಲಸವೇ ಬೀಳುವುದಿಲ್ಲ. ಡಾಂಬರು ರಸ್ತೆಗೆ ಬರುವ ಮೊದಲು ಗಾಳಿ ಮತ್ತೆ ತುಂಬಿಸಬೇಕು. ಕಂಪ್ರೆಸರ್ ಇರುವುದು ಅದಕ್ಕೇ.

ಕೈಲ್‌ಪೊಳ್ದ್ ಹಬ್ಬ ಬಂದಾಗ ಮನೆಯಲ್ಲಿ ಕೋವಿ, ಕತ್ತಿಗಳನ್ನೆಲ್ಲ ತೊಳೆದು ಪೂಜೆಗೆ ಇಡುತ್ತೇವೆ. ಈಗ ಅದರ ಹಿಂದಿನ ದಿನ ಜೀಪಿನ ಸಾಮಾನನ್ನೂ ಕಣಕ್ಕೆ ಇಳಿಸುತ್ತೇನೆ. ಬೆಲ್ಟುಗಳನ್ನು ಸೋಪು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸುತ್ತೇವೆ. ಜಾಕ್‌ಗೆ ಎಣ್ಣೆ ಬಿಡುತ್ತೇವೆ. ಐ ಬೋಲ್ಟ್ ಒಂದೊಂದಾಗಿ ಬಿಗಿ ನೋಡುತ್ತೇವೆ. ಈ ಸಲ ಒಂದು ರ್‍ಯಾಚೆಟ್ ಬೆಲ್ಟಿನ ಅಂಚು ಟೂಲ್ ಬಾಕ್ಸ್ ಮೂಲೆಗೆ ಉಜ್ಜಿ ನೂಲು ಎದ್ದಿತ್ತು. ತಮ್ಮ ಅದನ್ನು ಮೂಲೆಗೆ ಎಸೆಯಲಿಲ್ಲ. ಯಾರಾದರೂ ಎತ್ತಿ ಮತ್ತೆ ಕಟ್ಟಿಬಿಟ್ಟಾರು ಎಂದು ಕತ್ತಿ ತಗೊಂಡು ನಾಲ್ಕು ತುಂಡು ಮಾಡಿದ. ಮೂಲೆಗಳಿಗೆ ಹಳೇ ಟ್ಯೂಬ್ ಸುತ್ತುವ ಕೆಲಸ ಈಗ ನಡೀತಾ ಇದೆ.